ಅಂಚಿನಕ್ಕ ಕೂಡಿಸಿದ ಸೇತುವೆ

ಕಾಲುಸೇತುವೆಯ ನಟ್ಟನಡುವೆ ಕಬ್ಬಿಣದ ಕಂಬಿಗೆ ಹೊಟ್ಟೆ ಗುದ್ದಿಸಿಕೊಂಡು ನಾನು ದೊಪ್ಪನೆ ಕೂತಾಗ ಕೈಯಲ್ಲಿದ್ದ ಊಟದ ಡಬ್ಬಿ ಹಾರಿ ಕಾಲುವೆಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನನ್ನ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ತುತ್ತು ತೇಲಿಕೊಂಡು ಹೋಗುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ಹಿಂದೆ ಶಾಲೆಯ ಹುಡುಗಿಯರ ಗುಂಪೊಂದು ಬರುತ್ತಿತ್ತು. ಒಬ್ಬಳೂ ನಗಲಿಲ್ಲ. ನಕ್ಕಿದ್ದರೆ ಅಷ್ಟು ಅವಮಾನವಾಗುತ್ತಿರಲಿಲ್ಲ. "ತಾತ, ಪೆಟ್ಟಾಯ್ತಾ?" ಎಂದು ಒಬ್ಬಳು ಕೇಳಿದಳು. ನನಗಿನ್ನೂ ಐವತ್ತು ದಾಟಿ ಒಂದೆರಡು ವರ್ಷ. ಕಂಬಿ ಹೊಟ್ಟೆಗೆ ಹೊಡೆದಿತ್ತು, ಆ ‘ತಾತ’ ಎದೆಗೆ ಹೊಡೆಯಿತು.

ಹುಡುಗಿಯರ ಹಿಂದಿನಿಂದ ಒಬ್ಬ ಹೆಂಗಸು ಬಂದರು. ಬಟ್ಟೆಯ ಚೀಲ, ದಪ್ಪ ಕನ್ನಡಕ, ಅರ್ಧ ನೆರೆತ ಕೂದಲು. ಗಾಬರಿಯಿಲ್ಲ, ಅಯ್ಯೋ ಪಾಪವಿಲ್ಲ.

"ಏಳಿ ಲೇಖಕರೇ, ಮಕ್ಕಳಿಗೆ ದಾರಿ ಬಿಡಿ. ಫೋನ್ ನೋಡ್ಕೊಂಡು ಬಂದ್ರಾ?"

"ನಿಮ್ಮ ನಕ್ಷೆನೇ ನೋಡ್ಕೊಂಡು ಬಂದೆ."

"ಅದಿನ್ನೂ ಮುಗಿದಿಲ್ಲ."

"ನಾನು ಮುಗಿದುಹೋಗ್ತಿದ್ದೆ."

"ಮೊಣಕಾಲುದ್ದ ನೀರು. ನೆನೀತಿದ್ರಿ, ಅಷ್ಟೇ."

ಇವರೇ ಅಂಚಿನಕ್ಕ. ಅವರ ಕಚೇರಿಯ ಬಗ್ಗೆ ಜನರಿಗೆ ತಿಳಿಯುವ ಹಾಗೆ ಒಂದು ಪುಸ್ತಿಕೆ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದರು. ಪತ್ರಿಕೆಯಲ್ಲಿ ವಾರಕ್ಕೊಮ್ಮೆ ನಗಿಸಲು ಹೆಣಗುವವನಿಗೆ ಇದು ಗೌರವದ ಕೆಲಸ. ಹಾಗಾಗಿ ಕಚೇರಿಯವರು ಪ್ರಯೋಗಕ್ಕೆಂದು ಬಿಟ್ಟಿದ್ದ ಹೊಸ ನಕ್ಷೆಯನ್ನು ಫೋನಿನಲ್ಲಿ ಹಾಕಿಕೊಂಡು, ಅದರಲ್ಲಿ ನಾನೆಂಬ ನೀಲಿ ಚುಕ್ಕೆ ಹೇಗೆ ಸಾಗುತ್ತದೆ ಎಂದು ನೋಡುತ್ತಾ ಬರುತ್ತಿದ್ದೆ. ನಕ್ಷೆಯಲ್ಲಿ ಸೇತುವೆಯ ಗೆರೆ ಕಾಲುವೆಯ ಅರ್ಧಕ್ಕೆ ಬಂದು ನಿಂತುಬಿಟ್ಟಿತ್ತು. ಚುಕ್ಕೆ ಆ ತುದಿಗೆ ಬಂದಾಗ, "ಈಗ ನೀರಿಗೆ ಬೀಳುತ್ತಾನೆ ನೋಡು" ಎಂದು ನನಗೆ ನಗು ಬಂತು. ನಗು ಮುಗಿಯುವ ಮೊದಲೇ ಕಂಬಿ ಬಂತು.

ಫೋನು ನೋಡಿಕೊಂಡು ನಡೆದವನಿಗೆ ಆಗಬೇಕಾದದ್ದೇ ಆಯಿತೆಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಮನೆಯಲ್ಲಿ ಮಾತ್ರ ಡಬ್ಬಿಯನ್ನು ಕಚೇರಿಯಲ್ಲಿ ಮರೆತು ಬಂದೆ ಎಂದೆ. ಆ ಡಬ್ಬಿ ಹೆಂಡತಿಯ ತವರಿನದು.

ಪುಸ್ತಿಕೆಗೆಂದು ನಾನು ತಿಳಿದುಕೊಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಕಾಲುವೆಯ ಈಚೆ ಊರು. ಕಾಲುವೆಯಾಚೆಗಿನದು ಆಚೆ ಊರು. ಅವರಿಗೆ ನಾವೇ ಆಚೆ ಊರು, ಅದರಿಂದ ಜಗಳ ಶುರುವಾಗಲು ಬೇರೆ ಕಾರಣ ಬೇಕಿರಲಿಲ್ಲ. ಉತ್ತರಕ್ಕೆ ಗುಡ್ಡದ ಊರು. ಮೂರಕ್ಕೂ ಬೇರೆ ಬೇರೆ ಪುರಸಭೆ, ಬೇರೆ ಬೇರೆ ನಕ್ಷೆ. ನಮ್ಮ ನಕ್ಷೆಯಲ್ಲಿ ನಮ್ಮ ಗಡಿ ಮುಗಿದ ಮೇಲೆ ಬರೀ ಬಿಳಿ. ಅಲ್ಲಿ ರಸ್ತೆಯಿಲ್ಲ, ನಲ್ಲಿಯಿಲ್ಲ, ನರಮನುಷ್ಯರಿಲ್ಲ. ಅವರ ನಕ್ಷೆಯಲ್ಲಿ ನಾವೂ ಹಾಗೆಯೇ ಬಿಳಿ. ಒಂದು ಸಲ ನಮ್ಮವರು ಚರಂಡಿ ಅಗೆಯುತ್ತಾ ಅಗೆಯುತ್ತಾ ಆ ಬಿಳಿಯೊಳಗೆ ಹೋಗಿ ಆಚೆ ಊರಿನ ದೊಡ್ಡ ನೀರಿನ ಕೊಳವೆಯನ್ನು ಒಡೆದರು. ಆಚೆ ಊರಿಗೆ ನೀರಿಲ್ಲ, ಈಚೆ ಊರಿನ ಬೀದಿ ತುಂಬ ನೀರು. ಬಯ್ದಾಡಿ ಸುಸ್ತಾದ ಮೇಲೆ ಮೂರೂ ಪುರಸಭೆಗಳು ಕೂತು, ಇನ್ನು ಮೇಲೆ ಮೂವರಿಗೂ ಒಂದೇ ನಕ್ಷೆ, ಅದು ಕಂಪ್ಯೂಟರಿನಲ್ಲಿ, ಯಾರು ಬೇಕಾದರೂ ನೋಡಬಹುದು ಎಂದು ಒಪ್ಪಿಕೊಂಡವು.

ಹೀಗೆ ಹುಟ್ಟಿದ್ದು ಜಂಟಿ ಭೌಗೋಳಿಕ ಮಾಹಿತಿ ವ್ಯವಸ್ಥೆ ಕೇಂದ್ರ. ಗುಡ್ಡದ ಊರಿನವರು ಕೊಟ್ಟ ಬೋರ್ಡಿನಲ್ಲಿ ಇಷ್ಟು ಉದ್ದದ ಹೆಸರು ಹಿಡಿಸಲಿಲ್ಲ. ‘ಜಂಟಿ ಭೌಗೋಳಿಕ’ ಎಂಬಲ್ಲಿಗೇ ಬಣ್ಣ ಬಳಿಯುವವನು ಕೈ ತೊಳೆದುಕೊಂಡ. ಜನ ಅಷ್ಟನ್ನೂ ಓದದೆ ‘ನಕ್ಷೆ ಆಫೀಸು’ ಎಂದರು. ಹಳೆಯ ವಾಚನಾಲಯದ ಮಹಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಮೇಜುಗಳು ನಮ್ಮ ಊರಿನವು, ಕುರ್ಚಿಗಳು ಆಚೆ ಊರಿನವು. ಯಾರೂ ಯಾರನ್ನೂ ಎತ್ತರ ಕೇಳಿರಲಿಲ್ಲ. ಕೂತರೆ ಮೇಜು ಗದ್ದಕ್ಕೆ ಬರುತ್ತಿತ್ತು. ಸಭೆ ನಡೆಯುವಾಗ ಬಾಗಿಲಲ್ಲಿ ನಿಂತು ನೋಡಿದರೆ ಸಾಲಾಗಿ ತಲೆಗಳನ್ನು ಮಾತ್ರ ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ಎರಡು ಊರಿನವರೂ ಒಂದೊಂದು ಗೋಡೆ ಗಡಿಯಾರ ಕೊಟ್ಟಿದ್ದರು. ಎರಡಕ್ಕೂ ಹೊಂದಾಣಿಕೆಯಿಲ್ಲ. ಸಿಬ್ಬಂದಿ ಇದಕ್ಕೂ ದಾರಿ ಕಂಡುಕೊಂಡಿದ್ದರು: ಬರುವಾಗ ಹಿಂದಿರುವ ಗಡಿಯಾರ, ಹೋಗುವಾಗ ಮುಂದಿರುವ ಗಡಿಯಾರ.

ಮೂರು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಅವು ಒಂದಾಗುವುದಿಲ್ಲ. ನಮ್ಮ ರಸ್ತೆ ಗಡಿಗೆ ಬಂದು ನಿಂತರೆ ಅವರದು ಒಂದು ಮೊಳ ಪಕ್ಕದಲ್ಲಿ ಶುರುವಾಗುತ್ತದೆ. ನಮ್ಮ ಕೊಳವೆ ಅವರ ಅಡುಗೆಮನೆಗೆ ನುಗ್ಗುತ್ತದೆ. ಈ ಅಂಚುಗಳನ್ನು ಒಂದೊಂದಾಗಿ ಹಿಡಿದು ಕೂಡಿಸುವುದೇ ಅಂಚಿನಕ್ಕನ ಕೆಲಸ, ಹೆಸರು ಬಂದದ್ದೂ ಅದರಿಂದಲೇ. ಕೂಡಿಸುವುದಕ್ಕೆ ಒಂದು ಕಟ್ಟುಪಾಡಿತ್ತು. ಅಂಚಿನ ಯಾವ ಗೆರೆಯನ್ನೇ ಸರಿಸಬೇಕಾದರೂ ಎರಡೂ ಊರಿನ ಇಂಜಿನಿಯರುಗಳು ಆ ಜಾಗಕ್ಕೆ ಬಂದು, ಒಂದೇ ಅಳತೆಕೋಲನ್ನು ಇಬ್ಬರೂ ಒಂದೊಂದು ಕೈಯಲ್ಲಿ ಹಿಡಿದು ನಿಲ್ಲಬೇಕು. ಕೋಲು ನಿಂತ ಕಡೆ ಗೆರೆ. ಒಬ್ಬನೇ ಹಿಡಿದರೆ ತನ್ನ ಊರಿನ ಕಡೆಗೆ ವಾಲಿಸುತ್ತಾನೆ ಎಂಬ ಪರಸ್ಪರ ನಂಬಿಕೆಯಿಂದ ಹುಟ್ಟಿದ ನಿಯಮ. ಇದಕ್ಕೆ ಕೋಲು ಹಿಡಿಯೋದು ಎನ್ನುತ್ತಿದ್ದರು. ಬೇಲಿ ಸಾಲಿನಲ್ಲಿ, ಚರಂಡಿ ಪಕ್ಕದಲ್ಲಿ, ಒಮ್ಮೆ ಯಾರದೋ ಹಿತ್ತಿಲಿನ ಕೋಳಿಗೂಡಿನೊಳಗೆ, ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಕೋಲು ಹಿಡಿದು ನಿಂತ ಇಬ್ಬರನ್ನು ಕಂಡರೆ ಊರಿನವರು, "ಮದುವೆಗೆ ಹಾರ ಒಂದು ಕಡಿಮೆ" ಎಂದು ಮುಂದೆ ಹೋಗುತ್ತಿದ್ದರು.

ಅಂಚಿನಕ್ಕನ ಕಥೆಯೂ ಈ ಕಾಲುವೆಯ ಎರಡು ದಡಗಳ ನಡುವಿನದೇ. ತಾಯಿ ಹೋದಾಗ ಇವರಿಗೆ ಬುದ್ಧಿ ತಿಳಿಯದ ವಯಸ್ಸು. ಬೆಳೆಸಿದ್ದು ಅಕ್ಕ. ಮನೆ ಈಚೆ, ಶಾಲೆ ಆಚೆ. ಅಕ್ಕ ತಂಗಿಯ ಕೈ ಹಿಡಿದು ಆ ಕಾಲುಸೇತುವೆ ದಾಟಿಸಿ, ಶಾಲೆಯ ಗೇಟಿನೊಳಗೆ ತಳ್ಳಿ, ಪಕ್ಕದ ಬೀದಿಯಲ್ಲಿದ್ದ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಓಡುತ್ತಿದ್ದಳು. ಅಲ್ಲಿ ಇಡೀ ದಿನ ಗುಂಡಿಯ ಕಾಜ ಹೊಲಿಯುವುದು. ಅಕ್ಕನಿಗೆ ಆಚೆ ಊರಿನಲ್ಲೇ ಮದುವೆಯಾಯಿತು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ. ಆಮೇಲೆ ಕಣ್ಣು ಮೆಲ್ಲಗೆ ಮಂಜಾಗುತ್ತಾ ಬಂದು ಈಗ ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಊರಿಗೆಲ್ಲ ಈಕೆ ದೊಡ್ಡಕ್ಕ.

ತಂಗಿಗೆ ಓದಿನಲ್ಲಿ ಅಂಥ ಆಸಕ್ತಿಯಿರಲಿಲ್ಲ, ಗೆರೆಯಲ್ಲಿ ಇತ್ತು. ಪುರಸಭೆಯಲ್ಲಿ ನಕ್ಷೆ ತೆಗೆಯುವ ಕೆಲಸ ಸಿಕ್ಕಿತು. ಪಾರದರ್ಶಕ ಹಾಳೆ, ಕಪ್ಪು ಶಾಯಿ, ತಪ್ಪಾದರೆ ಬ್ಲೇಡಿನಿಂದ ಹೆರೆಯುವುದು. ಕಂಪ್ಯೂಟರು ಬಂದಾಗ ಜೊತೆಗಿದ್ದವರೆಲ್ಲ ಕೈ ಚೆಲ್ಲಿದರೆ ಇವರು ತರಬೇತಿಗೆ ಹೋಗಿ ಮೊದಲ ದಿನವೇ, "ಬ್ಲೇಡು ಎಲ್ಲಿ?" ಎಂದು ಕೇಳಿದರಂತೆ. ಅಳಿಸುವ ಗುಂಡಿ ತೋರಿಸಿದರು. "ಇಷ್ಟು ಸುಲಭವಾ? ಹಾಗಾದ್ರೆ ಭಯಪಡಬೇಕಾದ್ದು" ಅಂದರಂತೆ. ಈಗಲೂ ಒಂದು ಗೆರೆ ಅಳಿಸುವ ಮೊದಲು ಕೈ ಒಂದು ಗಳಿಗೆ ತಡೆಯುತ್ತದೆ. ನಾನು ನೋಡಿದ್ದೇನೆ.

ದೊಡ್ಡಕ್ಕನನ್ನು ತನ್ನ ಮನೆಗೇ ಬಂದಿರು ಎಂದು ತಂಗಿ ಕರೆದದ್ದಕ್ಕೆ ಲೆಕ್ಕವಿಲ್ಲ. ಆಕೆ ಒಪ್ಪಲಿಲ್ಲ. ಬದಲಿಗೆ ದಿನಾ ಸಂಜೆ ತಾನೇ ಬರುತ್ತಾಳೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಸೇತುವೆಯ ಕಂಬಿಯ ಮೇಲೆ, ಒಬ್ಬಳೇ. ಬಂದು ಚಹಾ ಕುಡಿದು, ಅಂಚಿನಕ್ಕನ ಗಂಡನನ್ನು ಒಂದಿಷ್ಟು ಬಯ್ದು, ವಾಪಸು ಹೋಗುತ್ತಾಳೆ. ಆತ ನಿವೃತ್ತ ಬಸ್ ಚಾಲಕ. ಎಲ್ಲರ ಬಾಯಲ್ಲೂ ಡ್ರೈವರ್ ಭಾವ. ಮನೆಯ ಅಡುಗೆ ಅವರದೇ. ಬಸ್ಸು ಓಡಿಸಿದ ಹಾಗೆಯೇ ಅಡುಗೆ ಮಾಡುತ್ತಾರೆ, ಹತ್ತಿದವರು ಇಳಿಯುವ ಹಾಗಿಲ್ಲ.

ನಾನು ಮೊದಲ ಸಲ ಅವರ ಮನೆಗೆ ಹೋದಾಗ ದೊಡ್ಡಕ್ಕ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು.

"ಯಾರು ಬಂದಿದ್ದು ಪುಟ್ಟೀ?"

ನೆರೆತ ಕೂದಲಿನ ಪುಟ್ಟಿ ಒಳಗಿನಿಂದ ಹೇಳಿದರು: "ಬರೀತಾರಲ್ಲಕ್ಕ, ಅವರು. ಪೇಪರ್‌ನಲ್ಲಿ ತಮಾಷೆ ಬರೆಯೋರು."

"ಓ, ನೀನು ಓದಿ ಹೇಳ್ತೀಯಲ್ಲ, ಅದಾ?" ದೊಡ್ಡಕ್ಕ ನನ್ನತ್ತ ಮುಖ ತಿರುಗಿಸಿದಳು. "ಚೆನ್ನಾಗಿ ಬರೀತೀಯಪ್ಪ. ನಗು ಯಾವಾಗ ಬರುತ್ತೆ ಅಂತ ಕಾಯ್ತಾ ಕೂತ್ರೆ ಸಂಜೆ ಕಳೆದೇ ಹೋಗುತ್ತೆ."

ಡ್ರೈವರ್ ಭಾವ ಒಲೆಯ ಮುಂದೆ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ಹೊರಡುವಾಗ ಕತ್ತಲು ಕವಿಯುತ್ತಿತ್ತು. ನಾನು ಸೌಜನ್ಯಕ್ಕೆ, "ಬಿಟ್ಟು ಬರಲಾ ದೊಡ್ಡಕ್ಕ, ಕತ್ತಲಾಯ್ತು" ಎಂದೆ.

"ಕತ್ತಲಾದ್ರೆ ನಿನಗೆ ಕಷ್ಟ, ನನಗೇನಪ್ಪ?" ಎಂದು ಕೋಲು ಎತ್ತಿಕೊಂಡು ಹೊರಟಳು.

ಇಂಥ ಹೆಂಗಸಿನ ಕಾಲಿಗೆ ಬೇಡಿ ಬೀಳುವ ಹಾಗಾದದ್ದು ಒಳ್ಳೆಯ ಕೆಲಸದಿಂದಲೇ. ಮೂರೂ ನಕ್ಷೆಗಳನ್ನು ಒಂದು ಮಾಡಿದ ಮೇಲೆ ಕಂಪ್ಯೂಟರು ತಾನೇ ಒಂದು ಸಲ ಗುಡಿಸಿ ಒರೆಸುತ್ತದೆ. ಎರಡು ಗೆರೆಗಳ ತುದಿಗಳು ಗೇಣಿನಷ್ಟು ಹತ್ತಿರವಿದ್ದರೆ ಅದೇ ಕೂಡಿಸಿಬಿಡುತ್ತದೆ. ಅದಕ್ಕಿಂತ ದೂರವಿದ್ದರೆ, ಇವು ಒಂದಕ್ಕೊಂದು ಸಂಬಂಧವಿಲ್ಲದ ಗೆರೆಗಳು ಎಂದು ಬದಿಗೆ ಸರಿಸುತ್ತದೆ. ಕಾಲುಸೇತುವೆಯ ಈಚೆ ಅರ್ಧ ನಮ್ಮ ನಕ್ಷೆಯಲ್ಲಿತ್ತು, ಆಚೆ ಅರ್ಧ ಅವರದರಲ್ಲಿ. ಎರಡೂ ಕಾಲುವೆಯ ನಡುವೆ ಬಂದು, ಒಂದು ಹೆಜ್ಜೆ ಅಕ್ಕಪಕ್ಕದಲ್ಲಿ ನಿಂತಿದ್ದವು. ಹಾಗಾಗಿ ನಕ್ಷೆಯ ಪ್ರಕಾರ ಅಲ್ಲಿ ಸೇತುವೆಯೇ ಇಲ್ಲ. ನೀರಿನೊಳಗೆ ಚಾಚಿಕೊಂಡ ಎರಡು ಮೊಂಡು ಕಟ್ಟೆಗಳಿವೆ, ಅಷ್ಟೇ.

ಅದೇ ಹೊತ್ತಿಗೆ ಕಾಲುವೆ ಇಲಾಖೆಯವರು ಹೂಳೆತ್ತಲು ಬರುವವರಿದ್ದರು. ಕಾಲುವೆಗೆ ಅಡ್ಡ ಇರುವುದರಲ್ಲಿ ಯಾವುದು ಇರಬೇಕು ಯಾವುದು ಕೀಳಬೇಕು ಎಂಬುದಕ್ಕೆ ಇಷ್ಟು ವರ್ಷ ಮೂರು ಊರಿಗೆ ಅಲೆಯುತ್ತಿದ್ದವರು, ಈ ಸಲ ಜಂಟಿ ನಕ್ಷೆ ಇದೆಯೆಂದು ಖುಷಿಯಿಂದ ಅದನ್ನೇ ನೋಡಿದರು. ಹೆದ್ದಾರಿ ಸೇತುವೆ ಇರಲಿ. ಬಟ್ಟೆ ಒಗೆಯುವ ಹಲಗೆ ಕೀಳಬೇಕು. ಅಪೂರ್ಣ ಕಟ್ಟೆ ಎರಡು, ಕೀಳಬೇಕು.

ಕಾಲುಸೇತುವೆ ಹೋದರೆ ಉಳಿಯುವುದು ಹೆದ್ದಾರಿ ಸೇತುವೆ. ಅಲ್ಲಿ ಲಾರಿಗಳು ಓಡುವ ರಭಸಕ್ಕೆ ಕಣ್ಣಿರುವವರೇ ಜೀವ ಕೈಯಲ್ಲಿ ಹಿಡಿದು ದಾಟುತ್ತಾರೆ. ದೊಡ್ಡಕ್ಕ ಇನ್ನೊಬ್ಬರ ಕೈ ಹಿಡಿಯದೆ ತಂಗಿಯ ಮನೆಗೆ ಬರುವ ಹಾಗಿರಲಿಲ್ಲ.

ನಕ್ಷೆ ಆಫೀಸಿನ ಮುಖ್ಯಸ್ಥರು ಒಳ್ಳೆಯವರು, ಎಲ್ಲದಕ್ಕೂ ಸುಲಭದ ದಾರಿ ಹುಡುಕುವವರು. ಅಂಚಿನಕ್ಕನ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಇದಕ್ಕೆಲ್ಲ ಕೋಲು ಹಿಡಿಸ್ತಾ ಕೂತ್ರೆ ಆಗುತ್ತಾ? ಎರಡು ತುದಿನೂ ಒಂಚೂರು ಎಳೆದು ನೇರ ಮಾಡಿ ಕೂಡಿಸಿಬಿಡಿ. ಯಾರು ನೋಡ್ತಾರೆ?"

ಅಂಚಿನಕ್ಕ ಮೌಸಿನ ಮೇಲೆ ಕೈಯಿಟ್ಟರು. ನಾನು ಪಕ್ಕದ ಕುರ್ಚಿಯಲ್ಲಿ, ಮೇಜಿನ ಮೇಲೆ ಗದ್ದವಿಟ್ಟುಕೊಂಡು ನೋಡುತ್ತಿದ್ದೆ. ಕೈ ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಬೇಡ ಸಾರ್. ಈಗ ನಮ್ಮಕ್ಕನಿಗೋಸ್ಕರ ನಾನು ಎಳೆದ್ರೆ, ನಾಳೆ ಇನ್ಯಾರೋ ಅವರ ಮಾವನ ಸೈಟಿಗೋಸ್ಕರ ಎಳೀತಾರೆ. ಕೋಲು ಹಿಡಿಸೋಣ."

"ಅವರಿಬ್ಬರು ಒಪ್ಪದೆ ಹೋದ್ರೆ?"

ಅಂಚಿನಕ್ಕ ಕನ್ನಡಕ ತೆಗೆದು ಒರೆಸಿದರು. ಆಗಲೇ ಒರೆಸಿದ್ದರು.

ಇಂಜಿನಿಯರುಗಳಿಬ್ಬರೂ ಒಪ್ಪುವ ಪೈಕಿಯವರಲ್ಲ. ನಮ್ಮವರು ತೆಳ್ಳಗೆ, ಆಚೆಯವರು ಗುಂಡಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದಕ್ಕೆ ನಿದರ್ಶನ ಬೇಕಾದವರು ಇವರ ಹಿಂದೆ ಅರ್ಧ ದಿನ ತಿರುಗಿದರೆ ಸಾಕು. "ನಮ್ಮ ಅರ್ಧ ಸರಿಯಾಗೇ ಇದೆ, ಅವರು ಅಳತೆ ತಪ್ಪಿದ್ದಾರೆ" ಎಂದು ತೆಳ್ಳಗಿನವರು. "ನಾವು ಹೊಸ ಉಪಕರಣದಲ್ಲಿ ಅಳೆದದ್ದು, ಅವರದು ಅಜ್ಜನ ಕಾಲದ ಸರಪಳಿ" ಎಂದು ಗುಂಡಗಿನವರು. ಅಂಚಿನಕ್ಕ ಎರಡೂ ಊರಿನ ಹಳೆಯ ಹಾಳೆಗಳನ್ನು ಹರವಿಕೊಂಡು ಯಾರ ಅಳತೆ ಎಲ್ಲಿ ಜಾರಿತು ಎಂದು ಹುಡುಕಿದರು. ಸಿಗಲಿಲ್ಲ. ಎರಡೂ ಸರಿಯಾಗಿಯೇ ಕಾಣುತ್ತಿದ್ದವು. ಹುಡುಕಿ ಹುಡುಕಿ ಸೋತು, ಬಿಡುವಾದಾಗ ಅದೇ ಸೇತುವೆ ದಾಟಿ ಅಕ್ಕನ ಮನೆಗೆ ಹೋಗಿ ಬರುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ. ಇದನ್ನು ಈಗ ಹೇಳುತ್ತಿದ್ದೇನೆ. ಆಗ ಆ ಕೂಸನ್ನು ಹೊಟ್ಟೆಯ ಮೇಲೆ ನೀಲಿ ಗುರುತಾಗಿ ಹೊತ್ತು ತಿರುಗುತ್ತಿದ್ದ ನನಗೂ ಏನೂ ಹೊಳೆದಿರಲಿಲ್ಲ.

ದೊಡ್ಡಕ್ಕನಿಗೆ ವಿಷಯ ಹೇಳಿದ್ದು ಡ್ರೈವರ್ ಭಾವ. ಬಾಯಿ ತಪ್ಪಿ ಹೇಳಿಬಿಟ್ಟರು. ದೊಡ್ಡಕ್ಕ ಚಹಾದ ಲೋಟವನ್ನು ನೆಲಕ್ಕಿಟ್ಟು, "ಹೋದ್ರೆ ಹೋಗಲಿ ಬಿಡು. ಪುಟ್ಟಿನೇ ಬರ್ತಾಳೆ. ನನಗೂ ವಯಸ್ಸಾಯ್ತು" ಎಂದಳಂತೆ. ಅಷ್ಟೇ. ಭಾವನನ್ನು ಅವತ್ತು ಬಯ್ಯಲೂ ಇಲ್ಲ. ಅದೇ ಭಾವನಿಗೆ ಹೆಚ್ಚು ಗಾಬರಿ ಹುಟ್ಟಿಸಿದ್ದು.

ಮರುದಿನ ಸಂಜೆ ಆಕೆ ಬರಲಿಲ್ಲ. ತಂಗಿ ಹೋಗಿ ನೋಡಿದರೆ ಅಕ್ಕ ಕಿಟಕಿಯ ಬಳಿ ಕೂತಿದ್ದಾಳೆ, ಊರುಗೋಲು ಬಾಗಿಲ ಹಿಂದಿನ ಮೂಲೆಗೆ ಹೋಗಿದೆ. ಹೊರಗೆ ಹೋಗುವಾಗ ಹಾಕಿಕೊಳ್ಳುವ ಚಪ್ಪಲಿಯನ್ನು ಒರೆಸಿ, ಪೇಪರಿನಲ್ಲಿ ಸುತ್ತಿ, ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದಾಳೆ.

"ಯಾಕಕ್ಕ ಇದು?"

"ಮನೆಯೊಳಗೆ ಯಾಕೆ ಬೇಕು ಚಪ್ಪಲಿ? ಈಗಿಂದ್ಲೇ ಅಭ್ಯಾಸ ಆಗಲಿ ಅಂತ."

ಅಂಚಿನಕ್ಕ ಇದನ್ನು ನನಗೆ ಹೇಳಿದ್ದು ಕಚೇರಿಯಲ್ಲಿ, ಪರದೆಯಿಂದ ಕಣ್ಣು ತೆಗೆಯದೆ. "ಸುತ್ತಿದ್ದು ನಿಮ್ಮ ಅಂಕಣ ಬರೋ ಪುಟದಲ್ಲೇ" ಎಂದು ಸೇರಿಸಿದರು. ನಗಿಸಲು ಹೇಳಿದರೋ, ಅಳು ತಡೆಯಲು ಹೇಳಿದರೋ ಗೊತ್ತಾಗಲಿಲ್ಲ. ನನ್ನ ಅಂಕಣ ಒಂದು ಉಪಯೋಗಕ್ಕೆ ಬಂದದ್ದು ನನಗೆ ಆ ದಿನ ಖುಷಿ ಕೊಡಲಿಲ್ಲ.

"ಕೋಲು ಹಿಡಿಯೋ ದಿನ ನಿಮ್ಮಕ್ಕನ್ನೂ ಕರೀರಿ" ಎಂದೆ.

"ಕರೆದಿದ್ದೀನಿ. ಬರಲ್ಲ ಅಂದ್ಲು."

ಕೋಲು ಹಿಡಿಯುವುದು ಇಳಿಹೊತ್ತಿಗೆ ಎಂದಾಗಿತ್ತು. ಸೇತುವೆಯ ಮೇಲೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲ. ನಟ್ಟನಡುವೆ ನೀರಿನಲ್ಲಿ ಒಂದು ಕಲ್ಲುಕಂಬ, ಎರಡೂ ಕಡೆಯ ಅರ್ಧಗಳು ಅದರ ಮೇಲೆ ಬಂದು ಕೂಡುತ್ತವೆ. ಆ ಕಂಬದ ಮೇಲೆ ಇಂಜಿನಿಯರುಗಳಿಬ್ಬರೂ ಒಂದೇ ಕೋಲು ಹಿಡಿದು ನಿಂತರು. ಅಂಚಿನಕ್ಕ ಹಾಳೆಯ ಹಲಗೆ ಹಿಡಿದಿದ್ದರು. ಸುಮ್ಮನೆ ನಿಂತ ನನ್ನ ಕೈಗೆ ಟೇಪಿನ ತುದಿ ಕೊಟ್ಟರು. ವಿದ್ಯಾವಂತನನ್ನು ಖಾಲಿ ಬಿಡಬಾರದಲ್ಲ.

"ನಮ್ಮ ದಡದ ಮೂಲೆಯಿಂದ ನೇರ ನೋಡಿ, ಕೋಲು ಇಲ್ಲಿ ಬರಬೇಕು" ಎಂದು ತೆಳ್ಳಗಿನವರು ತಮ್ಮತ್ತ ಎಳೆದರು.

"ನಮ್ಮ ಮೂಲೆಯಿಂದ ನೋಡಿದ್ರೆ ಇಲ್ಲಿ" ಎಂದು ಗುಂಡಗಿನವರು ತಮ್ಮತ್ತ ಎಳೆದರು.

"ಸ್ವಾಮಿ, ನಿಮ್ಮ ಮೂಲೆನೇ ಸರಿಯಿಲ್ಲ."

"ನಮ್ಮ ಮೂಲೆ ಸುದ್ದಿಗೆ ಬರಬೇಡಿ. ನಮ್ಮ ಕೊಳವೆ ಒಡೆದಾಗಲೂ ನೀವು ಹೀಗೇ ಅಂದಿದ್ದು."

ಕೊಳವೆಯ ಮಾತು ಬಂತೆಂದರೆ ಆ ದಿನದ ಕೆಲಸ ಕೆಟ್ಟಿತೆಂದೇ ಅರ್ಥ. ಅಂಚಿನಕ್ಕ ಹಲಗೆಯನ್ನು ಎದೆಗೆ ಅವುಚಿಕೊಂಡು ಆಚೆ ದಡದ ಕಡೆ ನೋಡಿದರು. ನಾನೂ ನೋಡಿದೆ.

ದೊಡ್ಡಕ್ಕ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಕಂಬಿಯ ಮೇಲೆ. ಬರಲ್ಲ ಎಂದವಳು ಕಡೆಯ ಸಲ ಒಮ್ಮೆ ನಡೆದುಬಿಡೋಣ ಎಂದು ಹೊರಟಿರಬೇಕು. ಅವಸರವಿಲ್ಲದೆ, ಮನೆಯ ಮೆಟ್ಟಿಲು ಇಳಿಯುವವರ ಹಾಗೆ ಬರುತ್ತಿದ್ದಳು. ಆಕೆಗೆ ದಾರಿ ಬಿಡಬೇಕೆಂದು ನಾನು ಟೇಪು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದಕ್ಕೆ ಸರಿದೆ, ನೇರವಾಗಿ. ಢಣ್ ಎಂದು ಕಂಬಿ ಬೆನ್ನಿಗೆ ಬಡಿಯಿತು. ಹೊಟ್ಟೆಗೆ ಬಡಿದಿದ್ದ ಅದೇ ಕಂಬಿ, ಅದೇ ಜಾಗ.

ಸದ್ದಿಗೆ ದೊಡ್ಡಕ್ಕ ನಿಂತಳು. "ಯಾರಪ್ಪ ಅದು, ತಿರುವಿಗೆ ಡಿಕ್ಕಿ ಹೊಡೆದಿದ್ದು?"

ಇಂಜಿನಿಯರುಗಳ ಜಗಳ ಅರ್ಧಕ್ಕೆ ನಿಂತಿತು.

"ಯಾವ ತಿರುವಮ್ಮ?" ಎಂದರು ತೆಳ್ಳಗಿನವರು. "ಸೇತುವೆಲಿ ಎಲ್ಲಿಯ ತಿರುವು?"

"ಇಲ್ಲೇ ಇದೆಯಲ್ಲ." ಆಕೆ ಕೈಯನ್ನು ಕಂಬಿಯ ಮೇಲೆ ಜಾರಿಸಿಕೊಂಡು ಮುಂದೆ ಬಂದಳು. ಕಂಬದ ಹತ್ತಿರ ಕಂಬಿ ಎಡಕ್ಕೆ ಮುರಿದು, ಒಂದು ಹೆಜ್ಜೆ ಅಡ್ಡ ಹೋಗಿ, ಮತ್ತೆ ನೇರವಾಗಿತ್ತು. ಕೈ ಹೋದ ಕಡೆ ಕಾಲು ಹೋಯಿತು. "ಇದು ಬಂತು ಅಂದ್ರೆ ಅರ್ಧ ದಾರಿ ಆಯ್ತು ಅಂತ. ಹೋಗುವಾಗ್ಲೂ ಎಡಕ್ಕೆ, ಬರುವಾಗ್ಲೂ ಎಡಕ್ಕೆ. ನಿಮಗೆಲ್ಲ ಕಾಣಲ್ವಾ?"

ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು, ಕನ್ನಡಿಯನ್ನೇ ಅಳೆಯುತ್ತಾ ನಿಂತಿದ್ದೆವು. ಯಾವ ಕಾಲದಲ್ಲೋ ಎರಡು ಊರಿನವರೂ ತಮ್ಮ ತಮ್ಮ ದಡದಿಂದ ಸೇತುವೆ ಕಟ್ಟುತ್ತಾ ಬಂದು, ಒಬ್ಬರನ್ನೊಬ್ಬರು ಒಂದು ಮಾತೂ ಕೇಳದೆ, ನಡುವೆ ಒಂದು ಹೆಜ್ಜೆ ತಪ್ಪಿ ಸಂಧಿಸಿದ್ದರು. ಮೇಜು ಕುರ್ಚಿಯ ಕಥೆಯೇ, ಕಬ್ಬಿಣದಲ್ಲಿ. ನಕ್ಷೆಗಳೆರಡೂ ಸರಿ ಇದ್ದವು. ಸೊಟ್ಟಗಿದ್ದದ್ದು ಸೇತುವೆ. ಹುಟ್ಟಿದಾಗಿನಿಂದ ದಾಟಿದವರ ಕಾಲು ತಾನೇ ತಾನಾಗಿ ಎಡಕ್ಕೆ ಸರಿಯುತ್ತಿತ್ತು, ತಲೆಗೆ ಸುದ್ದಿ ಮುಟ್ಟಿಸುತ್ತಿರಲಿಲ್ಲ. ನನ್ನ ಕಾಲೂ ಹಾಗೇ. ಫೋನು ನೋಡುತ್ತಾ ನಕ್ಷೆಯ ಗೆರೆಯನ್ನು ನಂಬಿದ ಒಂದು ದಿನ ಮಾತ್ರ ನಾನು ನೇರ ನಡೆದಿದ್ದೆ.

ಅಂಚಿನಕ್ಕ ಕಂಬಿಯ ಮುರುವಿನ ಮೇಲೆ ಕೈಯಿಟ್ಟರು. ಅಲ್ಲಿ ಬಣ್ಣ ಹೋಗಿ ಕಬ್ಬಿಣ ನುಣುಪಾಗಿ ಹೊಳೆಯುತ್ತಿತ್ತು, ಒಂದು ಅಂಗೈಯಗಲ. ಅಷ್ಟು ನುಣುಪು ಮಾಡಿದ ಕೈ ಯಾರದೆಂದು ಕೇಳಬೇಕಾಗಿರಲಿಲ್ಲ.

"ಹಾಗಾದ್ರೆ ನಮ್ಮದು ಸರಿ" ಎಂದರು ತೆಳ್ಳಗಿನವರು.

"ನಮ್ಮದೂ" ಎಂದರು ಗುಂಡಗಿನವರು. ಇಬ್ಬರ ಮುಖದಲ್ಲೂ ಸಂತೋಷಕ್ಕಿಂತ ಎದುರಿನವನೂ ಸರಿಯಾದನಲ್ಲ ಎಂಬ ಬೇಸರವೇ ಹೆಚ್ಚಿತ್ತು. ಅದನ್ನು ಮುಚ್ಚಿಕೊಳ್ಳಲು ತೆಳ್ಳಗಿನವರು, "ಮುಂದೆ ರಿಪೇರಿ ಮಾಡುವಾಗ ನೇರ ಮಾಡಿಸಿಬಿಡೋಣ" ಎಂದರು. ಅಪರೂಪಕ್ಕೆ ಗುಂಡಗಿನವರೂ ತಲೆಯಾಡಿಸಿದರು.

"ನೇರ ಮಾಡಿದ್ರೆ ಅರ್ಧ ಆಯ್ತು ಅಂತ ನನಗೆ ಯಾರು ಹೇಳ್ತಾರೆ?" ಎಂದಳು ದೊಡ್ಡಕ್ಕ. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು.

ಇಬ್ಬರೂ ಕೋಲು ನೋಡಿದರು. ಆಮೇಲೆ ಗುಂಡಗಿನವರು ಗಂಟಲು ಸರಿಮಾಡಿಕೊಂಡು, "ಹಿಡೀರಿ ಸ್ವಾಮಿ, ಇದ್ದದ್ದು ಇದ್ದ ಹಾಗೆ ಬರೆಸೋಣ" ಎಂದರು. ಮುರುವಿನ ಈ ಮೂಲೆಯಲ್ಲಿ ಒಂದು ಸಲ, ಆ ಮೂಲೆಯಲ್ಲಿ ಒಂದು ಸಲ, ಇಬ್ಬರೂ ಕೋಲು ಹಿಡಿದರು. ಕೋಲು ಒಮ್ಮೆಯೂ ಯಾರ ಕಡೆಗೂ ವಾಲಲಿಲ್ಲ. ಅಂಚಿನಕ್ಕ ಎರಡು ಚುಕ್ಕೆ ಹಾಕಿಕೊಂಡರು.

"ಆಯ್ತಾ ಪುಟ್ಟೀ?" ಎಂದಳು ದೊಡ್ಡಕ್ಕ. "ನಿನ್ನ ಗಂಡ ಚಹಾ ಇಟ್ಟಿರ್ತಾನೆ. ಆರಿದ್ರೆ ನನಗೇ ಬಯ್ಯೋ ಕೆಲಸ."

ಮರುದಿನ ಕಚೇರಿಯಲ್ಲಿ ಅಂಚಿನಕ್ಕ ಎರಡು ತುದಿಗಳ ನಡುವೆ ಅಡ್ಡಕ್ಕೆ ಒಂದು ಪುಟ್ಟ ಗೆರೆ ಎಳೆದರು. ನಮ್ಮದಲ್ಲ, ಅವರದಲ್ಲ, ಒಂದು ಹೆಜ್ಜೆ ಉದ್ದ. ಕಂಪ್ಯೂಟರು ಯಾವ ತಕರಾರೂ ತೆಗೆಯದೆ ಸೇತುವೆ ಎಂದು ಒಪ್ಪಿಕೊಂಡಿತು. ಅವರು ಪರದೆಯ ಮೇಲೆ ಆ ಗೆರೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಬೆರಳಚ್ಚಾಯಿತೆಂದು ಸೆರಗಿನಿಂದ ಒರೆಸಿದರು. ಮುಖ್ಯಸ್ಥರು ಬಂದು ನೋಡಿ, "ಇಷ್ಟೇ ಅಲ್ವಾ, ನಾನು ಮೊದಲೇ ಹೇಳಿರಲಿಲ್ವಾ?" ಎಂದರು. ಯಾರೂ ಇಲ್ಲ ಎನ್ನಲಿಲ್ಲ.

ಕಾಲುವೆ ಇಲಾಖೆಯವರು ಬಂದರು, ಒಗೆಯುವ ಹಲಗೆ ಕಿತ್ತರು, ಹೂಳಿನ ಜೊತೆ ನನ್ನ ಡಬ್ಬಿಯನ್ನೂ ಎತ್ತಿ ದಡಕ್ಕೆ ಹಾಕಿದರು. ನಾನು ನೋಡುವ ಮೊದಲೇ ಅದನ್ನು ನನ್ನ ಹೆಂಡತಿ ನೋಡಿದಳು. ಅದು ಬೇರೆ ಕಥೆ, ಅದನ್ನು ನಾನು ಬರೆಯುವುದಿಲ್ಲ.

ಮೊನ್ನೆ ಸಂಜೆ ಪುಸ್ತಿಕೆಯ ಮೊದಲ ಪ್ರತಿ ಕೊಡಲು ಹೋದವನು ಅಂಚಿನಕ್ಕನ ಜೊತೆ ಸೇತುವೆಯ ತನಕ ನಡೆದೆ. ದೊಡ್ಡಕ್ಕ ಚಹಾ ಮುಗಿಸಿ ಮನೆಗೆ ಹೊರಟಿದ್ದಳು, ನಮಗಿಂತ ಹತ್ತಾರು ಹೆಜ್ಜೆ ಮುಂದೆ, ಒಬ್ಬಳೇ. ಕೆಳಗೆ ಹೊಸ ನೀರು ಓಡುತ್ತಿತ್ತು. ಮುರುವು ಬಂದಾಗ ಆಕೆಯ ಕೈ ಒಂದು ಗಳಿಗೆ ಅಲ್ಲಿ ನಿಂತಿತು, ಪರಿಚಯದವರ ಹೆಗಲು ಮುಟ್ಟಿದ ಹಾಗೆ. ಆಮೇಲೆ ಎಡಕ್ಕೆ ಸರಿದು ಮುಂದೆ ಹೋದಳು. ಹಿಂದೆ ತಂಗಿಯನ್ನು ಕೈ ಹಿಡಿದು ದಾಟಿಸಿದವಳು ಅವಳು. ಈಗ ತಂಗಿ ಬರೀ ನೋಡುತ್ತಾ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಲ್ಲ ಅಂಚಿನಕ್ಕ, ಇಷ್ಟೆಲ್ಲ ಮಾಡಿದ್ರಿ. ಸೇತುವೆ ಮೇಲೆ ಒಂದಿಷ್ಟು ದೂರ ಅವರ ಕೈ ಹಿಡ್ಕೊಂಡು ಹೋಗಬಾರದಾ?"

ಅಂಚಿನಕ್ಕ ಅಕ್ಕನ ಕಾಲು ಆಚೆ ದಡ ಮುಟ್ಟುವ ತನಕ ಕಣ್ಣು ತೆಗೆಯಲಿಲ್ಲ. ಆಮೇಲೆ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ಇದರ ಮೇಲೆ ಇದುವರೆಗೂ ಬಿದ್ದಿರೋದು ನೀವೊಬ್ರೇ."